ಮೇಷ್ಟ್ರ ಸೈಕಲ್ ಬೆಲ್

ಸಂಜೆ ತರಗತಿಯಲ್ಲಿ ಬೌದ್ಧ ದರ್ಶನ ಹೇಳಿಕೊಡುವ ಮೇಷ್ಟ್ರು ಪಾಠಕ್ಕೆ ತಮ್ಮ ಸೈಕಲ್ಲನ್ನೇ ಒಳಗೆ ತಳ್ಳಿಕೊಂಡು ಬರುತ್ತಾರೆ. "ಚಕ್ರ ಸೈಕಲ್ಲೇನ್ರೀ? ಪೆಡಲ್ ಸೈಕಲ್ಲೇನ್ರೀ? ಎಲ್ಲಾ ಬಿಚ್ಚಿಟ್ರೆ ಸೈಕಲ್ ಎಲ್ಲಿದೆ? 'ನಾನು' ಅನ್ನೋದೂ ಅಷ್ಟೇ, ಬರೀ ಹೆಸರು!" ಎಂದು ಮೇಜು ಗುದ್ದುತ್ತಾರೆ. ಆಸೆ ಬಿಡಿ ಎನ್ನುತ್ತಲೇ ಪಕ್ಕದವರ ಬಿಸ್ಕತ್ತಿನ ಮೇಲೆ ಕಣ್ಣು ಹಾಕುತ್ತಾರೆ. ಎಲ್ಲವೂ ಕ್ಷಣಿಕವಂತೆ, ಅವರ ಪಾಠವೊಂದು ಮಾತ್ರ ಮುಗಿಯುವ ಲಕ್ಷಣವಿಲ್ಲ. ಆದರೆ ಯಾರಾದರೂ ಸೈಕಲ್ಲಿನ ಆ ಗೊರಗೊರ ಬೆಲ್ ಬದಲಾಯಿಸಿ ಎಂದರೋ, "ನನ್ನ ಬೆಲ್ ತಂಟೆಗೆ ಬರಬೇಡ್ರೀ!" ಎಂದು ಕೆಂಡವಾಗುತ್ತಾರೆ. ಪಾಠ ಮುಗಿಸಿ ಮನೆಗೆ ಬಂದರೆ, ಮರೆವು ಹತ್ತಿದ ಅವರ ತಾಯಿ ದಿನವೂ ಬಾಗಿಲು ಅರ್ಧ ತೆರೆದು, "ಯಾರಪ್ಪಾ ನೀನು?" ಎನ್ನುತ್ತಾರೆ. "ನಾನಮ್ಮಾ, ನಾನು," ಎಂದರೆ ಗುರುತು ಸಿಗುವುದಿಲ್ಲ. ಆಗ ಮೇಷ್ಟ್ರು ಆ ಬೆಲ್ ಬಾರಿಸುತ್ತಾರೆ. "ಓ, ನೀನಾ! ಬಾರೋ," ಎಂದು ತಾಯಿ ಬಾಗಿಲು ಪೂರ್ತಿ ತೆರೆಯುತ್ತಾರೆ.