ಎರಡನೇ ಸುತ್ತಿನ ದಮ್ಮು

ಬೆಳಗಿನ ಐದೂವರೆ. ಹಾಸನದ ಕ್ರೀಡಾ ತರಬೇತಿ ಕೇಂದ್ರವೊಂದರ ಪ್ರಯೋಗಾಲಯದಲ್ಲಿ ಓಟಗಾರ್ತಿ ಭವ್ಯಶ್ರೀ ಮಾಸ್ಕ್ ಹಾಕಿಕೊಂಡು ಟ್ರೆಡ್‌ಮಿಲ್ ಮೇಲೆ ಓಡುತ್ತಿದ್ದಾಳೆ. ಮಾಸ್ಕಿನೊಳಗೆ ಬರುವುದು ಆಮ್ಲಜನಕ ಕಡಿಮೆ ಮಾಡಿದ ಗಾಳಿ. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ ರಕ್ತದ ಆಮ್ಲಜನಕ ಶೇಕಡಾ ತೊಂಬತ್ತೆಂಟರಿಂದ ಎಂಬತ್ತಾರಕ್ಕೆ ಇಳಿಯುತ್ತದೆ. ಹಿಂದೆ ನಿಂತ ಅಟೆಂಡರ್ ಗಂಗಾಂಬಿಕೆ ಅದನ್ನು ನೋಡುವುದೇ ಇಲ್ಲ, ಹುಡುಗಿಯ ಹಿಮ್ಮಡಿ ನೋಡುತ್ತಾರೆ. “ಸಾಕು ಕಣವ್ವ, ನಿಲ್ಸು” ಎಂದು ಎರಡೂ ಕೈ ಚಾಚುತ್ತಾರೆ. ಭವ್ಯಶ್ರೀ ಆ ಕೈಗಳ ಮೇಲೇ ಕುಸಿಯುತ್ತಾಳೆ.

ಇಂಥ ಪರೀಕ್ಷೆಗಳ ವರದಿಯಲ್ಲಿ ವಿಜ್ಞಾನಿಗಳ ಹೆಸರಿರುತ್ತದೆ. ಬೀಳುವವರನ್ನು ಹಿಡಿಯುವವರ ಹೆಸರು ಯಾರಿಗೆ ಬೇಕು ಹೇಳಿ! ನಲವತ್ತೇಳರ ಈ ಅಟೆಂಡರ್ ಹನ್ನೊಂದು ವರ್ಷದಿಂದ ದಿನಕ್ಕೆ ಎಂಟು-ಹತ್ತು ಓಟಗಾರರ ಬೆನ್ನಿಗೆ ನಿಲ್ಲುತ್ತಾರೆ. ಒಬ್ಬರ ಮೊಣಕಾಲೂ ತರಚಿಲ್ಲ.

“ಗಾಳಿ ಕಮ್ಮಿ ಮಾಡಿದ್ರೂ ಮೊದಲ್ನೆ ಅರ್ಧ ನಿಮಿಷ ಕುದುರೆ ಅಂಗೆ ಓಡ್ತವೆ ಸಾ. ಕಾಲಲ್ಲೇ ಇರೋ ಶಕ್ತೀಲಿ ಓಡೋದು ಅದು. ಆಮೇಕೆ ಗಾಳಿ ಬೇಕೇ ಬೇಕು. ಸಿಗ್ನಿಲ್ಲ ಅಂದ್ರೆ ಮುಗೀತು, ಹಿಮ್ಮಡಿ ಎತ್ತಾಕೇ ಆಗಾಕಿಲ್ಲ” ಎಂದು ಗಂಗಾಂಬಿಕೆ ನನಗೆ ವಿವರಿಸುತ್ತಾರೆ.

ಅದು ಅವರ ಸ್ವಂತ ಅನುಭವ. ಅರಕಲಗೂಡು ಕಡೆಯ ರೈತ ಪರಮಶಿವಯ್ಯನವರ ಮಗಳು. ಹದಿನಾರನೇ ವಯಸ್ಸಿನಲ್ಲಿ ಎಂಟುನೂರು ಮೀಟರ್, ಅಂದರೆ ಮೈದಾನಕ್ಕೆ ಎರಡು ಸುತ್ತಿನ, ಆಯ್ಕೆ ಓಟಕ್ಕೆ ಹಾಸನಕ್ಕೆ ಬಂದಿದ್ದರು. ಹಿಂದಿನ ಮೂರು ದಿನ, ಹೊರಡುವ ಹೊತ್ತಿನವರೆಗೂ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆ ಮುಂದೆ ಕೂತು ಸೌದೆ ಹಾಕಿದ್ದರು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ, ಎರಡನೆಯದರಲ್ಲಿ ಎಲ್ಲರಿಗಿಂತ ಹಿಂದೆ. “ದಮ್ಮಿಲ್ಲ” ಎಂದು ಆಯ್ಕೆಗಾರರು ಹೆಸರು ಹೊಡೆದುಹಾಕಿದರು. ಆ ಮಾತನ್ನು ಗಂಗಾಂಬಿಕೆ ವರ್ಷಗಟ್ಟಲೆ ನಂಬಿದರು.

ಒಂದು ದಿನ ಇಲ್ಲಿನ ಡಾಕ್ಟರ್ ವಂಶಿ, ಉರಿಯುವ ಸೌದೆಯ ಹೊಗೆಯಲ್ಲಿರುವ ವಿಷಾನಿಲ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಬಿಡುತ್ತದೆ ಎಂದು ಓಟಗಾರರಿಗೆ ಹೇಳುತ್ತಿದ್ದರು. ಕೇಳಿಸಿಕೊಂಡ ಗಂಗಾಂಬಿಕೆ ಕೈಲಿದ್ದ ಟವೆಲ್ ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟರಂತೆ. “ಅಯ್ಯೋ, ನಂಗೂ ದಮ್ಮಿತ್ತಲ್ಲಾ ಸಾ!”

ಎಂಬತ್ತು ದಾಟಿದ ಅಪ್ಪ ಈಗ ಮಗಳ ಮನೆಯಲ್ಲೇ ಇದ್ದಾರೆ. “ನಿಂಗೆ ದಮ್ ಸಾಲ್ದೆ ಓಯ್ತು ಬುಡವ್ವ” ಎಂದು ಇವತ್ತಿಗೂ ಸಮಾಧಾನ ಹೇಳುತ್ತಾರೆ. ನಿಜ ಹೇಳಲು ಗಂಗಾಂಬಿಕೆಗೆ ಬಾಯಿ ಬರುವುದಿಲ್ಲ. “ಒಲೆ ಮುಂದೆ ಕೂರ್ಸಿದ್ದೇ ಅಪ್ಪ. ಗೊತ್ತಾದ್ರೆ ಉಣ್ಣೋದೇ ಬುಟ್ಬುಡ್ತದೆ.”

ಏನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಕಿಟಕಿಯಾಚೆ ಭವ್ಯಶ್ರೀ ಸುಧಾರಿಸಿಕೊಂಡು ಮೈದಾನದತ್ತ ನಡೆಯುತ್ತಿದ್ದಾಳೆ. ಗಂಗಾಂಬಿಕೆ ಅವಳನ್ನೇ ನೋಡುತ್ತಾರೆ.

“ಅಪ್ಪನ್ನ ಇಲ್ಲಿ ಕರ್ಕೊಂಬಂದು ಕೂರ್ಸಿ, ಎಲ್ಡು ಸುತ್ತು ಓಡ್ಬೇಕು ಸಾ. ಎಷ್ಟೊತ್ತಾದ್ರೂ ಆಗ್ಲಿ, ನಡೂಕೆ ನಿಲ್ಲಾಕಿಲ್ಲ. ನನ್ ಮಗೀಗೆ ದಮ್ಮಿತ್ತು ಅಂತ ಕಣ್ಣಾರೆ ನೋಡ್ಕೊಳ್ಲಿ. ಹೊಗೆ ಮಾತು ಮಾತ್ರ ಎತ್ತಾಕಿಲ್ಲ.”