ಅರುಸ್ಯಾಕಳ ಒಲೆಯೂ ನನ್ನ ಹುಬ್ಬುಗಳೂ

ಗ್ರೀನ್ ಕಾರ್ಡಿನ ಸಂದರ್ಶನದ ಹಿಂದಿನ ದಿನ ನನ್ನ ಎಡ ಹುಬ್ಬು ಸುಟ್ಟುಹೋಯಿತು. ಸಂದರ್ಶನ ನನ್ನದಲ್ಲ, ಅರುಸ್ಯಾಕಳದು. ನಾನು ಬರೀ ದುಭಾಷಿ. ಅವಳು ನೆಲದೊಲೆಗೆ ಬಗ್ಗಿ ದಿಂಬಿನ ಮೇಲೆ ಹರಡಿದ ಹಿಟ್ಟನ್ನು ಅದರ ಗೋಡೆಗೆ ಬಡಿದು ಲವಾಶ್ ರೊಟ್ಟಿ ಸುಡುವುದನ್ನು ನೋಡುತ್ತಾ ನಿಂತವನು, ಇದರಲ್ಲೇನು ಮಹಾ ಎಂದು ಆ ದಿಂಬನ್ನು ಕಸಿದುಕೊಂಡೆ. ರೊಟ್ಟಿ ಒಲೆಯ ಗೋಡೆಗೆ ಅಂಟಲಿಲ್ಲ, ಉರಿಗೆ ಜಾರಿತು. ಹಿಡಿಯಲು ಬಗ್ಗಿದೆ.

ಕೂದಲು ಕರಕಾದ ವಾಸನೆಗೆ ಅಂಗಡಿಯ ಹೆಂಗಸರೆಲ್ಲ ತಿರುಗಿದರು. ಅರುಸ್ಯಾಕ್ ಮಾತ್ರ ತಿರುಗಲಿಲ್ಲ.

"ತಾತುಲ್ ಜಾನ್, ಹುಬ್ಬು ಬೆಂದಿದ್ರೆ ಈಚೆ ತೆಗಿ. ಮುಂದಿನ ರೊಟ್ಟಿಗೆ ಜಾಗ ಬೇಕು."

ನಾವಿಬ್ಬರೂ ಅರ್ಮೇನಿಯಾದ ಗ್ಯುಮ್ರಿ ಊರಿನವರು. ಸಾವಿನ ಮನೆಗೆ ಹೋದರೂ ಒಂದು ಕುಚೋದ್ಯ ಮಾಡದೆ ಕಾಫಿ ಮುಟ್ಟದ ಜನ. ಅಮೆರಿಕದ ಗ್ಲೆಂಡೇಲಿಗೆ ಹೊಸದಾಗಿ ಬಂದ ನಮ್ಮವರಿಗೆ ಕಾರು ಕಲಿಸುವುದು ನನ್ನ ಕಸುಬು. ನನ್ನ ಶಿಷ್ಯರು ಮೂರನೆಯ ಪರೀಕ್ಷೆಯಲ್ಲಿ ಖಂಡಿತ ಪಾಸಾಗುತ್ತಾರೆ. ಅರುಸ್ಯಾಕ್ ನನ್ನ ಬಳಿ ಕಲಿಯಲು ಬಂದವಳು, ಎರಡನೆಯ ಪಾಠಕ್ಕೇ ಬಿಟ್ಟಳು. ಬಸ್ಸಿನಲ್ಲಿ ಹೋದರೆ ಜೀವವಾದರೂ ಉಳಿಯುತ್ತದೆ ಎಂದಳಂತೆ.

ಅವಳನ್ನು ಕರೆಸಿಕೊಂಡು ಕಾರ್ಡಿಗೆ ಅರ್ಜಿ ಹಾಕಿದ್ದವನು ಬೇಕರಿಯ ಬಾರ್ಸೆಘ್. ಹಿಂದೊಮ್ಮೆ ನನ್ನ ಬಲ ಹುಬ್ಬು ಸುಟ್ಟದ್ದು ಅವನ ಒಲೆಯಲ್ಲಿ, ಆಗಲೂ ಇದೇ ಶೂರತನ. ಅದು ಮತ್ತೆ ಬೆಳೆಯಿತು, ಸ್ವಲ್ಪ ಅನುಮಾನಿಸುತ್ತಾ. ನಮ್ಮ ಮದುವೆಗಳಲ್ಲಿ ಹೆಣ್ಣುಗಂಡಿನ ಭುಜಕ್ಕೆ ಲವಾಶ್ ಹೊದಿಸಿ ಮನೆ ತುಂಬಿಸಿಕೊಳ್ಳುತ್ತಾರೆ. ಅರುಸ್ಯಾಕಳ ರೊಟ್ಟಿ ರೇಷ್ಮೆಯ ಹಾಗೆ ಇಳಿಬೀಳುತ್ತಿತ್ತು. ಅದೇ ಬೇಕೆಂದು ಅತ್ತೆಯಂದಿರು ಜಗಳವಾಡುತ್ತಿದ್ದರು.

ಒಂದು ದಿನ ಬಾರ್ಸೆಘ್ ರೊಟ್ಟಿ ಯಂತ್ರ ತಂದ. ಒಲೆ ಮುಚ್ಚುತ್ತೇನೆಂದ.

"ನಾಳೆಯಿಂದ ನೀನು ಮ್ಯಾನೇಜರು ಕಣಮ್ಮ. ತಿರುಗೋ ಕುರ್ಚಿ ತರಿಸಿದೀನಿ. ಸಂಬಳಾನೂ ಜಾಸ್ತಿ."

"ಕೂತ್ಕೊಂಡು ಏನ್ ಮಾಡ್ಲಿ?"

"ಮಿಷನ್ ನೋಡ್ಕೊ."

"ಅದನ್ನ ನೋಡೋಕೆ ನಾನೇನು ಗಂಡಿನ ಕಡೆಯವಳಾ?"

ಅಲ್ಲೇ ಕಾಫಿ ಹೀರುತ್ತಿದ್ದ ನಾನು ಅಭಿನಂದನೆ ಹೇಳಲು ಎದ್ದೇಬಿಟ್ಟಿದ್ದೆ. ಸಂಜೆ ಇಬ್ಬರೂ ಅವಳ ಕಾರ್ಡಿನ ವಕೀಲೆಯ ಬಳಿ ಹೋದಾಗ ನನ್ನ ಸಂತೋಷ ಇಳಿಯಿತು.

"ಅರ್ಜಿ ಹಾಕಿರೋದು ರೊಟ್ಟಿ ಸುಡೋಳಿಗೆ, ಕುರ್ಚೀಲಿ ಕೂರೋಳಿಗಲ್ಲ," ಎಂದಳು ಆಕೆ. "ಆದ್ರೆ ಕಡೇ ಅರ್ಜಿ ಹಾಕಿ ಆರು ತಿಂಗಳು ದಾಟಿದೆ. ಇನ್ನು ಯಜಮಾನನ್ನ ಬದಲಾಯಿಸ್ಬಹುದು, ಕಸುಬನ್ನ ಬದಲಾಯಿಸೋ ಹಾಗಿಲ್ಲ. ಹೊಸ ಕೆಲಸ ಹಳೇದರ ಥರಾನೇ ಅಂತ ಅಧಿಕಾರಿಗೆ ಅನ್ನಿಸ್ಬೇಕು. ಅನ್ನಿಸ್ಲಿಲ್ವಾ, ಇಷ್ಟು ವರ್ಷ ಕಾದಿದ್ದೆಲ್ಲ ಹೊಳೇಲಿ ಹುಣಸೆಹಣ್ಣು."

ಕಾರ್ಡಿಗೆ ಕಾಯುವವರು ಸೀನಲೂ ಹೆದರುವ ಬೀದಿ ನಮ್ಮದು. ಎಲ್ಲರೂ ಒಂದೇ ಬುದ್ಧಿ ಹೇಳಿದರು: ಅಲ್ಲಾಡಬೇಡ. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನು.

"ಸುಮ್ನೆ ಕುರ್ಚೀಲಿ ಕೂರು. ಯಾರಾದ್ರೂ ಕೇಳಿದ್ರೆ ಒಲೆ ಮುಂದೆ ಇದೀನಿ ಅನ್ನು."

"ಜಾಸ್ತಿ ಸಂಬಳ ಕೊಟ್ರೆ ನೀನು ಕಾರು ಬಿಟ್ಟು ಬಸ್ಸಲ್ಲಿ ಟಿಕೆಟ್ ಹರೀತೀಯೇನೋ?"

"ಎಷ್ಟು ಜಾಸ್ತಿ ಅನ್ನೋದರ ಮೇಲೆ..."

"ಅದಕ್ಕೇ ನಿನ್ನ ಶಿಷ್ಯರು ಫೇಲಾಗೋದು."

ಮರುದಿನ ಅವಳು ತಾಯಿಯ ಕಾಲದ, ಹುಲ್ಲು ತುಂಬಿದ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಬಾರ್ಸೆಘ್ ಬಾಗಿಲಿಗೆ ಅಡ್ಡ ನಿಂತ.

"ನನ್ನ ಬಿಟ್ರೆ ನಿಂಗೆ ಕಾರ್ಡು ಯಾರು ಕೊಡ್ತಾರೆ?"

"ಕಾರ್ಡು ಸರ್ಕಾರದ್ದು. ಒಲೆ ನಿಂದು. ದಿಂಬು ನಂದು. ದಾರಿ ಬಿಡಣ್ಣ."

ಬಿಟ್ಟ. ಪಕ್ಕದ ಊರಲ್ಲಿ ಶೋಘಿಕ್ ಎಂಬ ವಿಧವೆಯ ಸಣ್ಣ ಅಂಗಡಿಯಲ್ಲಿ ನೆಲದೊಲೆ ಇತ್ತು, ರೊಟ್ಟಿ ಬಡಿಯುವ ಕೈ ಇರಲಿಲ್ಲ. ಅರುಸ್ಯಾಕ್ ಹೋದ ಮೇಲೆ ಆ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದಾಯಿತು. ಕಾರು ಕಲಿಸುವವನಾಗಿ ಇದನ್ನು ನಾನು ಅಧಿಕೃತವಾಗಿ ಹೇಳಬಲ್ಲೆ. ಬಾರ್ಸೆಘ್‌ನ ಮಗಳ ಮದುವೆಯಲ್ಲಿ ಭುಜಕ್ಕೆ ಹೊದಿಸಿದ ಲವಾಶ್ ಯಂತ್ರದ್ದಲ್ಲ ಎಂಬುದು ಇಡೀ ಛತ್ರಕ್ಕೆ ಗೊತ್ತಾಯಿತು. ಅದು ಇಳಿಬಿದ್ದ ರೀತಿಯೇ ಹೇಳುತ್ತಿತ್ತು. ಬಾರ್ಸೆಘ್ ಮೇಲ್ಛಾವಣಿ ನೋಡುತ್ತಾ ನಿಂತಿದ್ದ. ನನಗೆ ಅವತ್ತು, ನಾನೇ ಹಿಟ್ಟು ನಾದಿದವನ ಹಾಗೆ, ಎದೆ ಉಬ್ಬಿತ್ತು.

ಸಂದರ್ಶನದ ಕೋಣೆಗೆ ಅವಳು ಹಬ್ಬದ ಕೋಟು ತೊಟ್ಟು, ಒಲೆಯ ಶಾಖಕ್ಕೆ ಕೆಂಪಾದ ಕೈಗಳನ್ನು ಮೇಜಿನ ಮೇಲೆ ಧಾರಾಳವಾಗಿ ಇಟ್ಟು ಕೂತಳು. ನಾನು ಕೈ ಬಚ್ಚಿಟ್ಟುಕೊಂಡಿದ್ದೆ, ಮುಖ ಬಚ್ಚಿಡುವಂತಿರಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಅನುವಾದಿಸುತ್ತೇನೆಂದು ಅಧಿಕಾರಿ ನನ್ನಿಂದ ಪ್ರಮಾಣ ಮಾಡಿಸಿದ. ನನ್ನ ಲೈಸೆನ್ಸಿನ ಫೋಟೋ ನೋಡಿದ, ನನ್ನನ್ನು ನೋಡಿದ.

"ಇದರಲ್ಲಿ ಎರಡು ಹುಬ್ಬಿವೆ."

"ಇದ್ವು ಸಾರ್."

ಕಾರ್ಡು ಬಂತು, ಮೊದಲೇ ಹೇಳಿಬಿಡುತ್ತೇನೆ. ಈಗ ಅದು ಅವಳ ದಿಂಬಿನ ಗವುಸಿನೊಳಗಿದೆ. ಆದರೆ ಅದು ಬಂದದ್ದು, ರಾತ್ರಿಯೆಲ್ಲ ಕೂತು ನಾನು ಅವಳಿಗೆ ಬಾಯಿಪಾಠ ಮಾಡಿಸಿದ ಘನವಾದ ಉತ್ತರದಿಂದಲ್ಲ. ಅಧಿಕಾರಿ ಕಾಗದದಿಂದ ತಲೆಯೆತ್ತಿ, ಎಲ್ಲರೂ ಹೆದರಿದ್ದ ಆ ಒಂದು ಪ್ರಶ್ನೆಯನ್ನೇ ಕೇಳಿದ:

"ಹೊಸ ಕಡೆ ಮಾಡ್ತಿರೋದು ಹಳೇ ಕೆಲಸಾನೇ ಅಂತ ಹೇಗೆ ನಂಬೋದು?"

ಅರುಸ್ಯಾಕ್ ನನ್ನ ಕಡೆಗೆ ಕೈ ತೋರಿಸಿದಳು.

"ಅಲ್ಲಿ ಇವನ ಬಲ ಹುಬ್ಬು ಸುಟ್ಟಿತ್ತು, ಇಲ್ಲಿ ಎಡದ್ದು. ಅಷ್ಟೇ ವ್ಯತ್ಯಾಸ."