ಬೋರ್ಡಿನ ಕೊನೆಯ ಸಾಲು

ಗೌರಿ ಹಬ್ಬಕ್ಕೆ ಮುಂಚೆ ಅಟ್ಟ ಖಾಲಿ ಮಾಡಿಸುವುದು ನನ್ನ ಹೆಂಡತಿಯ ವಾರ್ಷಿಕ ವ್ರತ. ಈ ಸಲ ಕೆಳಗಿಳಿದ ಪೆಟ್ಟಿಗೆಯಲ್ಲಿ ನನ್ನ ಹಳೆಯ ಲಾಗರಿದಮ್ ಪುಸ್ತಕ ಸಿಕ್ಕಿತು. ರಟ್ಟು ತೆರೆದರೆ ನುಸಿ ಗುಳಿಗೆಯ ವಾಸನೆ, ಅದರ ಅಡಿಯಲ್ಲೆಲ್ಲೋ ಸೀಮೆಸುಣ್ಣದ ವಾಸನೆ... ಪುಟಗಳ ನಡುವಿನಿಂದ ಒಂದು ಕ್ಯಾಲೆಂಡರ್ ಹಾಳೆ ಜಾರಿ ಬಿತ್ತು. ದಿನಕ್ಕೊಂದು ಹರಿಯುತ್ತೇವಲ್ಲ, ಆ ಬಗೆಯದು, ಅಂಗೈಯಗಲದ್ದು. ಮುಂದೆ ದಪ್ಪ ಅಕ್ಷರದಲ್ಲಿ ಸೆಪ್ಟೆಂಬರ್ ಹನ್ನೊಂದು. ಹಿಂದೆ ನೇರಳೆ ಮಸಿಯಲ್ಲಿ ಮೂರು ಸಾಲು.

"ಏನ್ರೀ ಅದು, ಎಸೀಲಾ?" ಎಂದಳು ಹೆಂಡತಿ. ಬೇಡ ಎಂದೆ. ಕನ್ನಡಕ ಹುಡುಕಲಿಲ್ಲ. ಆ ಮೂರು ಸಾಲು ಇಪ್ಪತ್ತೈದು ವರ್ಷದಿಂದ ನನಗೆ ಬಾಯಿಪಾಠ.

ಬರೆದವರು ನಮ್ಮ ಶಾಲೆಯ ಚರಿತ್ರೆ ಮೇಷ್ಟ್ರು. ಅವರ ಮೇಲೆ ನನಗೆ ಎಂಟು ವರ್ಷ ಹೊಟ್ಟೆಕಿಚ್ಚಿತ್ತು. ತೀರಿಕೊಂಡವರ ಬಗ್ಗೆ ಬರೆಯುವಾಗ ಇಂಥದ್ದನ್ನು ಮುಚ್ಚಿಡುವುದು ರೂಢಿ. ಆದರೆ ಅದನ್ನು ಮುಚ್ಚಿಟ್ಟರೆ ನನಗೆ ಬರೆಯಲು ಬೇರೇನೂ ಉಳಿಯುವುದಿಲ್ಲ.

ನಾವಿಬ್ಬರೂ ಚಾಮರಾಜಪೇಟೆಯ ಒಂದು ಕ್ರಾಸ್ ರಸ್ತೆಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿದ್ದೆವು. ನಾನು ಗಣಿತ, ಅವರು ಚರಿತ್ರೆ. ಶಾಲೆಯ ಗೇಟಿನ ಪಕ್ಕ, ರಸ್ತೆಗೆ ಮುಖ ಮಾಡಿ, ಒಂದು ಕಪ್ಪು ಬೋರ್ಡಿತ್ತು. ನೋಟೀಸು ಹಾಕುವುದಕ್ಕೆಂದು ಇಟ್ಟದ್ದು. ಅವರು ಬಂದ ವರ್ಷವೇ ಅದನ್ನು ತಮ್ಮದು ಮಾಡಿಕೊಂಡರು. ದಿನವೂ ಎಂಟೂವರೆಗೆ ಬಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ 'ಈ ದಿನ' ಎಂದು ಬರೆದು, ಕೆಳಗೆ ಮೂರು ಸಾಲು ಬರೆಯುತ್ತಿದ್ದರು. ಮೊದಲ ಎರಡು ಸಾಲು ಅದೇ ತಾರೀಖಿನಂದು ಲೋಕದಲ್ಲಿ ನಡೆದದ್ದು. ಜೂನ್ ಇಪ್ಪತ್ತೈದು ಬಂದರೆ, ಒಂದು ವರ್ಷ ಆ ದಿನ ದೇಶಕ್ಕೆ ತುರ್ತು ಪರಿಸ್ಥಿತಿ ಬಂತು, ಎಂಟು ವರ್ಷದ ನಂತರ ಅದೇ ದಿನ ಕ್ರಿಕೆಟ್ಟಿನ ವಿಶ್ವಕಪ್ ಬಂತು ಎಂದು ಒಂದರ ಕೆಳಗೊಂದು ಬರೆದುಬಿಡುವರು. ಅಷ್ಟೇ, ವ್ಯಾಖ್ಯಾನವಿಲ್ಲ. ಮೆಜೆಸ್ಟಿಕ್ ಬಸ್ಸಿಗೆ ಕಾಯುತ್ತಿದ್ದವರು ಅದನ್ನು ಓದಿಕೊಂಡು ತಮ್ಮತಮ್ಮಲ್ಲೇ ಜಗಳ ಹಚ್ಚಿಕೊಳ್ಳುತ್ತಿದ್ದರು.

ಜನ ನಿಲ್ಲುತ್ತಿದ್ದದ್ದು ಮೂರನೆಯ ಸಾಲಿಗೆ. ಅದು ನಮ್ಮ ರಸ್ತೆಯವರಿಗೆ ಮೀಸಲು. 'ಇಂದಿಗೆ ಹದಿನಾಲ್ಕು ವರ್ಷ: ಕಡಲೆಕಾಯಿ ಅಜ್ಜಿ ಈ ಗೇಟಿನ ಬಳಿ ಬುಟ್ಟಿ ಇಟ್ಟ ದಿನ.' ಅಜ್ಜಿಗೆ ಓದು ಬಾರದು. ಅವತ್ತು ಹೋಗಿ ಬರುವವರನ್ನೆಲ್ಲ ನಿಲ್ಲಿಸಿ, "ಸ್ವಲ್ಪ ಓದಿ ಹೇಳಪ್ಪಾ" ಎಂದು ಸಂಜೆಯವರೆಗೆ ಓದಿಸಿಕೊಂಡಳು. ಸೈಕಲ್ ಅಂಗಡಿಯವನ ಮಗಳು ಹುಟ್ಟಿದ ದಿನ, ಎದುರು ಮನೆಯ ಲಿಂಗಾಯತರ ಅಂಗಡಿಗೆ ಐವತ್ತು ತುಂಬಿದ ದಿನ, ಎಲ್ಲವೂ ಬಾಹ್ಯಾಕಾಶ ಯಾನದ ಕೆಳಗೆ, ಮಹಾಯುದ್ಧದ ಕೆಳಗೆ, ಅದೇ ಗಾತ್ರದ ಅಕ್ಷರದಲ್ಲಿ ಬರುತ್ತಿತ್ತು. ಇವೆಲ್ಲ ಅವರಿಗೆ ಹೇಗೆ ಗೊತ್ತಾಗುತ್ತಿತ್ತು ಎಂದರೆ, ಕೇಳುತ್ತಿದ್ದರು. ನಗರ್ತಪೇಟೆಯ ಕಾಗದದಂಗಡಿಯಿಂದ ವರ್ಷಕ್ಕೊಂದು ಕ್ಯಾಲೆಂಡರ್ ತರುವರು. ಹರಿದ ಹಾಳೆ ಎಸೆಯದೆ, ಬೆನ್ನಿಗೆ ಬರೆದು, ತಾರೀಖಿನ ಪ್ರಕಾರ ಒಂದು ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಜೋಡಿಸುವರು. ಆ ಪೆಟ್ಟಿಗೆ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಪಕ್ಕವೇ ಇತ್ತು. ಕೈಯಿಟ್ಟರೆ ಎಟಕುವಷ್ಟು ಹತ್ತಿರ.

ನನ್ನ ಪಾಠವೇನೂ ಕಡಿಮೆಯಿರಲಿಲ್ಲ. ನನ್ನ ಕೈಯಲ್ಲಿ ಎಂಥ ಮಂಕನೂ ಪಾಸಾಗುತ್ತಿದ್ದ. ಆದರೆ ಪೈಥಾಗೊರಸನ ಪ್ರಮೇಯ ಓದಲು ಗೇಟಿನ ಮುಂದೆ ಯಾರು ನಿಲ್ಲುತ್ತಾರೆ? ತರಕಾರಿ ಕೊಳ್ಳುವಾಗ ನನ್ನನ್ನು ಕಂಡ ತಂದೆತಾಯಿಗಳು ಕೇಳುತ್ತಿದ್ದದ್ದು, "ನಾಳೆ ಬೋರ್ಡಲ್ಲಿ ಏನು ಸಾರ್, ನಿಮ್ಗೆ ಗೊತ್ತಿರತ್ತಲ್ಲ?" ನನ್ನ ಮಗಳೂ ಅಲ್ಲೇ ಓದುತ್ತಿದ್ದಳು. ಮನೆಗೆ ಬಂದರೆ ಮೇಷ್ಟ್ರು ಹಾಗೆ ಹೇಳಿದರು, ಮೇಷ್ಟ್ರು ಹೀಗೆ ಹೇಳಿದರು. ಮೇಷ್ಟ್ರು ಎಂದರೆ ಅವರು. ನಾನು ಬರೀ ಅಪ್ಪ. ಮಾರ್ಕೆಟ್ಟಿಗೆ ಹತ್ತಿರದ ದಾರಿ ಬಿಟ್ಟು ಬೋರ್ಡು ಓದಲೆಂದೇ ಶಾಲೆಯ ಗೇಟಿನ ಕಡೆಯಿಂದ ಸುತ್ತಿ ಹೋಗುತ್ತಿದ್ದ ಹೆಂಡತಿ ಒಂದು ದಿನ ನಗುತ್ತ ಅಂದಳು: "ನಿಮ್ಮ ಹೊಟ್ಟೇಲಿರೋ ಕಿಚ್ಚಿಗೆ ಪಾತ್ರೆ ಇಟ್ರೆ ಗ್ಯಾಸ್ ಉಳಿಯತ್ತೆ ನೋಡಿ."

ಎಲ್ಲಕ್ಕಿಂತ ಉರಿದದ್ದು ನನ್ನ ತಾಯಿಯ ವಿಷಯದಲ್ಲಿ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವರು ನಮ್ಮಲ್ಲಿಗೆ ಬಂದು, ಅಮ್ಮನ ಎದುರು ಕೂತು ಕಾಫಿ ಕುಡಿಯುತ್ತ, ಮಾಗಡಿ ಕಡೆಯ ಅವಳ ತವರೂರಿನ ಮಾತು ತೆಗೆಯುವರು. ನಾನು ಪಕ್ಕದ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿರುತ್ತಿದ್ದೆ. ಅಮ್ಮ ನನ್ನೊಡನೆ ಒಂದು ವರ್ಷದಲ್ಲಿ ಆಡದಷ್ಟು ಮಾತನ್ನು ಅವರೊಡನೆ ಒಂದು ಲೋಟ ಕಾಫಿಯಲ್ಲಿ ಮುಗಿಸುತ್ತಿದ್ದಳು.

ಇಷ್ಟೆಲ್ಲ ಕಿಚ್ಚಿನ ನಡುವೆ ನನಗೆ ಬೇಕಾಗಿದ್ದದ್ದು ಒಂದೇ. ಆ ಬೋರ್ಡಿನ ಮೂರನೆಯ ಸಾಲಿನಲ್ಲಿ ಒಂದು ಸಲ ನಾನು ಬರಬೇಕಿತ್ತು.

ನನ್ನ ಜನ್ಮದಿನ ಜೂನ್ ಒಂದು. ನನ್ನ ವಯಸ್ಸಿನವರಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ. ಸ್ಕೂಲಿಗೆ ಸೇರಿಸಲು ಕರೆದುಕೊಂಡು ಹೋದ ಸೋದರಮಾವನನ್ನು ಅಲ್ಲಿನ ಮೇಷ್ಟ್ರು ತಾರೀಖು ಕೇಳುತ್ತಾರೆ, ಅವನು ತಲೆ ಕೆರೆದುಕೊಳ್ಳುತ್ತಾನೆ, ಮೇಷ್ಟ್ರೇ ವಯಸ್ಸಿಗೆ ಹೊಂದುವಂತೆ ಜೂನ್ ಒಂದು ಎಂದು ಬರೆದುಕೊಳ್ಳುತ್ತಾರೆ. ರಿಜಿಸ್ಟರಿನಲ್ಲಿ ನೋಡಿದರೆ ಅರ್ಧ ಊರೇ ಅವತ್ತು ಹುಟ್ಟಿದೆ. ಆದರೂ ನನಗೆ ಇದ್ದದ್ದು ಆ ಒಂದೇ ತಾರೀಖು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಸರಿಯಾಗಿ ಅದು ಬರುತ್ತಿತ್ತು. ಪ್ರತಿ ವರ್ಷ ಅವತ್ತು ಇಸ್ತ್ರಿ ಅಂಗಿ ಹಾಕಿಕೊಂಡು ಬೇಗ ಹೋಗುತ್ತಿದ್ದೆ. ಒಂದು ವರ್ಷ ಮೂರನೆಯ ಸಾಲಿನಲ್ಲಿ, 'ನಮ್ಮ ಶಾಲೆಯ ನಲವತ್ತೊಂದು ಮಕ್ಕಳ ರಿಜಿಸ್ಟರ್ ಹುಟ್ಟುಹಬ್ಬ' ಎಂದಿತ್ತು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಲವತ್ತೊಂದು ಜನ ಕಂಡವರಿಗೆ ನಲವತ್ತೆರಡನೆಯವನು ಕಾಣಲಿಲ್ಲವೇ? ಕೇಳಬಹುದಿತ್ತು. ಬಾಯಿಬಿಟ್ಟು ಕೇಳಿ ಹಾಕಿಸಿಕೊಂಡರೆ ಏನು ಬೆಲೆ?

ಎಂಟನೆಯ ಜೂನ್ ಒಂದೂ ಹಾಗೇ ಹೋಯಿತು. ಅದೇ ವಾರ ಮಗಳು ಊಟಕ್ಕೆ ಕೂತಾಗ, "ಅಪ್ಪ, ನಾನು ದೊಡ್ಡೋಳಾದ್ಮೇಲೆ ಹಿಸ್ಟರಿನೇ ಓದ್ತೀನಿ" ಎಂದಳು. ನಾನು ತಟ್ಟೆ ಸರಿಸಿ ಕೈ ತೊಳೆಯಲು ಎದ್ದೆ.

ಜುಲೈ ಇಪ್ಪತ್ತರಂದು ಇನ್ಸ್‌ಪೆಕ್ಷನ್ ಇತ್ತು. ಮೇಲಿನ ಆಫೀಸಿನಿಂದ ಸಾಹೇಬರು ಬರುವವರಿದ್ದರು. ಮೇಷ್ಟ್ರು ಅವತ್ತು ಬೋರ್ಡನ್ನು ಇನ್ನಷ್ಟು ಚೆಂದಾಗಿ ಬರೆದಿದ್ದರು. ಮೊದಲ ಸಾಲು, '೧೯೬೯: ಮನುಷ್ಯ ಚಂದ್ರನ ಮೇಲೆ ಇಳಿದ ದಿನ.' ಎರಡನೆಯದು, '೧೯೭೬: ಅದೇ ತಾರೀಖಿಗೆ ಮಂಗಳನ ಮೇಲೆ ನೌಕೆ ಇಳಿಯಿತು.' ಮೂರನೆಯದು, 'ಬಿನ್ನಿಪೇಟೆಯ ಮಿಲ್ ಕೆಲಸ ಬಿಟ್ಟು ನಮ್ಮ ಅಟೆಂಡರ್ ಇಲ್ಲಿಗೆ ಸೇರಿ ಇಂದಿಗೆ ಹತ್ತು ವರ್ಷ.' ಅಟೆಂಡರ್ ತಲೆಗೆ ಎಣ್ಣೆ ಹಚ್ಚಿ, ಹೊಸ ಶರ್ಟು ತೊಟ್ಟು, ಬೆಳಗ್ಗೆಯಿಂದ ಬೋರ್ಡಿನ ಹತ್ತಿರವೇ ಏನಾದರೊಂದು ಕೆಲಸ ಹುಡುಕುತ್ತಿದ್ದ. ಪ್ರಾರ್ಥನೆಯ ಗಂಟೆ ಹೊಡೆಯಿತು. ಎಲ್ಲರೂ ಒಳಗೆ ಅಂಗಳಕ್ಕೆ ಹೋದರು. ನಾನು ಹೋಗಲಿಲ್ಲ.

ನಮ್ಮ ಕನ್ನಡದ ಆರಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸ ಬಾಲದ್ದು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒಂದು ಬಾಲ ಒರೆಸಿದೆ, ಜೇಬಿನ ಸೀಮೆಸುಣ್ಣದಿಂದ ಇನ್ನೊಂದು ಎಳೆದೆ. ೧೯೬೯ ಹೋಗಿ ೧೯೬೬ ಆಯಿತು. ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿನ ಕೆಲಸ.

ಸಾಹೇಬರು ಗೇಟಿನಲ್ಲೇ ನಿಂತರು. "ಚಂದ್ರನ ಮೇಲೆ ಇಳಿದಾಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ, ರೇಡಿಯೋ ಮುಂದೆ ಕೂತಿದ್ದೆ. ಅರವತ್ತಾರು ಅಂತ ಬರ್ದಿದೀರಲ್ರೀ. ಇದನ್ನ ಬರೆಯೋರು ಹಿಸ್ಟರಿ ಮೇಷ್ಟ್ರಾ?" ಎಂದರು. "ಒರೆಸ್ಬಿಡು. ಇನ್ಮೇಲೆ ಇದ್ರಲ್ಲಿ ಬರೀ ನೋಟೀಸು" ಎಂದು ಹೆಡ್ ಮೇಷ್ಟ್ರು ಅಟೆಂಡರಿಗೆ ಹೇಳಿದರು. ಅವನು ಚಂದ್ರನನ್ನು ಒರೆಸಿದ, ಮಂಗಳನನ್ನು ಒರೆಸಿದ, ಕೊನೆಗೆ ತನ್ನ ಹತ್ತು ವರ್ಷವನ್ನೂ ತಾನೇ ಒರೆಸಿದ. ಹೊಸ ಶರ್ಟಿನ ತೋಳೆಲ್ಲ ಸುಣ್ಣವಾಯಿತು. ಅದನ್ನು ನೋಡುವವರೆಗೆ ನನಗೆ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಅಟೆಂಡರ್ ಒರೆಸುವ ಮುಂಚೆ ಮೇಷ್ಟ್ರು ಬೋರ್ಡಿನ ಹತ್ತಿರ ಹೋಗಿ, ಆ ಎರಡು ಇಸವಿಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದರು. ನಾನು ಮಾಡಿದ ಎಡವಟ್ಟು ಆಗ ನನಗೆ ಹೊಳೆಯಿತು. ನನ್ನ ಆರಕ್ಕೆ ಬಾಲ ಉದ್ದ, ಪಕ್ಕದ ಅಂಕಿಯ ಕೆಳಗೆ ಹಾದುಹೋಗುವಷ್ಟು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಬಾಲದ ಮೇಷ್ಟ್ರು ಎನ್ನುತ್ತಿದ್ದದ್ದು ಸ್ಟಾಫ್ ರೂಮಿಗೆಲ್ಲ ಗೊತ್ತು. ಕೆಳಗಿನ ಸಾಲಿನ ಎಪ್ಪತ್ತಾರರಲ್ಲಿ ಅವರ ಕೈಯ ಗಿಡ್ಡ ಆರು, ಮೇಲಿನ ಸಾಲಿನಲ್ಲಿ ನನ್ನದು... ಅವರು ಬಟ್ಟೆ ಹಿಂಡಿ ಗೇಟಿಗೆ ಹಾಕಿ, ಒಂಬತ್ತನೇ ತರಗತಿಗೆ ಪಾಠಕ್ಕೆ ಹೋದರು.

ಆಮೇಲಿನ ದಿನಗಳಲ್ಲಿ ಬೋರ್ಡಿನಲ್ಲಿ ಪರೀಕ್ಷಾ ಶುಲ್ಕದ ನೋಟೀಸು ನಿಂತಿತು. ಜನ ಎರಡು ದಿನ ಕೇಳಿದರು, ಆಮೇಲೆ ಬಿಟ್ಟರು. ಮೇಷ್ಟ್ರು ನನ್ನೊಡನೆ ಮುಂಚಿನಂತೆಯೇ ಇದ್ದರು. ಅಮ್ಮನ ಹತ್ತಿರ ಕಾಫಿಗೂ ಬಂದರು. ಜಗಳವಾಡಿದ್ದರೆ ನನಗೆ ಬದುಕು ಸುಲಭವಾಗುತ್ತಿತ್ತು.

ಸೆಪ್ಟೆಂಬರಿನ ಒಂದು ಬೆಳಗ್ಗೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಪೆಟ್ಟಿಗೆಯಿಂದ ಒಂದು ಹಾಳೆ ತೆಗೆದು ನನ್ನ ಲಾಗರಿದಮ್ ಪುಸ್ತಕದ ಮೇಲೆ ಇಟ್ಟರು.

"ಇವತ್ತಿನ ಹಾಳೆ ಸಾರ್. ಬೋರ್ಡ್ ಇಲ್ವಲ್ಲ, ಅದಕ್ಕೆ ನಿಮ್ಮ ಕೈಗೇ ಕೊಡ್ತಿದೀನಿ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. "ಜೂನ್ ಒಂದು ನಿಮ್ಮ ದಿನ ಅಲ್ಲ ಅಂತ ಅಮ್ಮ ಮೊದಲ್ನೇ ವರ್ಷವೇ ಹೇಳಿದ್ರು. ಗಣೇಶನ ಹಬ್ಬದ ಮಾರನೇ ದಿನ, ಋಷಿ ಪಂಚಮಿ. ವರ್ಷ ಯಾವ್ದು ಅಂತ ಅವರಿಗೆ ನೆನಪಿರ್ಲಿಲ್ಲ. ಸುಳ್ಳು ತಾರೀಖಿಗೆ ನಿಮ್ಮನ್ನ ಹಾಕೋಕೆ ಮನಸ್ಸು ಬರ್ಲಿಲ್ಲ. ಹೋದ ವರ್ಷ ಮಾತಾಡ್ತಾ ಮಾತಾಡ್ತಾ, ದೆಹಲೀಲಿ ಪ್ರಧಾನಿ ತೀರ್ಕೊಂಡ್ರು ಅಂತ ಅಂಗಡಿ ಎಲ್ಲ ಮುಚ್ಚಿದಾಗ ನೀವು ಹೊಟ್ಟೇಲಿ ಐದು ತಿಂಗಳು ಅಂದ್ರು. ವರ್ಷ ಸಿಕ್ತು. ಆ ವರ್ಷದ ಪಂಚಾಂಗ ಸಿಗ್ಬೇಕಲ್ಲ, ಈ ಬೇಸಿಗೇಲಿ ಅವೆನ್ಯೂ ರೋಡಲ್ಲಿ ಸಿಕ್ತು."

ಹಾಳೆ ತಿರುಗಿಸಿದೆ.

'೧೮೯೩: ಷಿಕಾಗೋ ಸಭೆಯಲ್ಲಿ ನಮ್ಮ ಯುವ ಸನ್ಯಾಸಿಯೊಬ್ಬರ ಮೊದಲ ಭಾಷಣ.
೧೯೦೬: ಜೋಹಾನ್ಸ್‌ಬರ್ಗಿನಲ್ಲಿ ನಮ್ಮವರ ಪ್ರತಿಜ್ಞೆ, ಸತ್ಯಾಗ್ರಹದ ಹುಟ್ಟು.
೧೯೬೪: ನಮ್ಮ ಗಣಿತದ ಮೇಷ್ಟ್ರು ಹುಟ್ಟಿದ ದಿನ. ಇವರ ಕೈಯಲ್ಲಿ ಫೇಲಾದ ಮಗುವಿಲ್ಲ.'

"ಒಳ್ಳೇ ದಿನ ಸಾರ್ ನಿಮ್ದು. ಎರಡು ಕಡೆನೂ ಒಬ್ಬರೂ ಸಾಯ್ಲಿಲ್ಲ, ಬರೀ ಮಾತಾಡಿದ್ರು" ಎಂದು, ಹಾಜರಿ ಪುಸ್ತಕ ಎತ್ತಿಕೊಂಡು ಹೊರಟರು.

ಅವರು ಬಾಗಿಲು ದಾಟಿದ ಮೇಲೆ ನಾನು ಮತ್ತೆ ನೋಡಿದೆ. ಆ ಹಾಳೆಯಲ್ಲಿ ಎರಡು ಆರು ಇದ್ದವು. ಎರಡಕ್ಕೂ ಬಾಲ ಉದ್ದ, ಪಕ್ಕದ್ದರ ಕೆಳಗೆ ಹಾದುಹೋಗುವಷ್ಟು. ಮಿಕ್ಕ ಅಕ್ಷರಗಳೆಲ್ಲ ಅವರವು, ಆ ಎರಡು ಅಂಕಿ ನನ್ನವು. ಎದ್ದು ಹೋಗಿ ಕೈ ಹಿಡಿದುಕೊಳ್ಳಬೇಕಿತ್ತು. ಬದಲಿಗೆ ಹಾಳೆಯನ್ನು ಪುಸ್ತಕದೊಳಗೆ ಇಟ್ಟು, ಪುಸ್ತಕವನ್ನು ಡ್ರಾಯರಿನೊಳಗೆ ಇಟ್ಟು, ಬೀಗ ಹಾಕಿದೆ. ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಮತ್ತದೇ ಹೊಟ್ಟೆಕಿಚ್ಚು. ಇಷ್ಟು ಚೆನ್ನಾಗಿ ಬೈಯುವುದು ನನಗೆ ಜನ್ಮದಲ್ಲಿ ಬರುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ಮಲ್ಲೇಶ್ವರದ ಬೇರೊಂದು ಶಾಲೆಗೆ ಹೋದರು, ಪೆಟ್ಟಿಗೆಯನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ಆ ಸೆಪ್ಟೆಂಬರ್ ಹನ್ನೊಂದರ ಸಂಜೆ ಎಲ್ಲರ ಮನೆಯ ಟೀವಿಯಲ್ಲಿ ಎರಡು ಗೋಪುರಗಳು ಉರಿದು ಬಿದ್ದವು. ಅಮ್ಮ, ಹೆಂಡತಿ, ಮಗಳು ಎಲ್ಲರೂ ಅದನ್ನು ನೋಡುತ್ತಿದ್ದರೆ ನಾನು ಯೋಚಿಸುತ್ತಿದ್ದದ್ದು ಒಂದೇ: ಮೇಷ್ಟ್ರು ಈಗ ಆ ತಾರೀಖಿನ ಹಾಳೆಯ ಮೇಲೆ ಏನು ಬರೆಯುತ್ತಾರೆ? ಹೋಗಿ ಕೇಳಬೇಕು, ಹಾಗೇ ಆ ಇನ್ನೊಂದು ಮಾತನ್ನೂ ಹೇಳಿಬಿಡಬೇಕು ಎಂದುಕೊಂಡೆ. ಚಾಮರಾಜಪೇಟೆಯಿಂದ ಮಲ್ಲೇಶ್ವರಕ್ಕೆ ಎಷ್ಟು ದೂರ... ಆ ವಾರ ಆಗಲಿಲ್ಲ. ಆ ವರ್ಷ ಆಗಲಿಲ್ಲ. ಅವರು ತೀರಿಹೋದ ಸುದ್ದಿ ನನಗೆ ತಲುಪಿದ್ದು ಎಲ್ಲ ಕಾರ್ಯ ಮುಗಿದ ಮೇಲೆ, ಹಳೆಯ ವಿದ್ಯಾರ್ಥಿಯೊಬ್ಬ ಬಸ್ಸಿನಲ್ಲಿ ಸಿಕ್ಕಿ ಹೇಳಿದಾಗ. ಪೆಟ್ಟಿಗೆ ಏನಾಯಿತೆಂದು ಅವನಿಗೂ ತಿಳಿಯದು.

ಹಾಳೆ ಸಿಕ್ಕ ಮಾರನೆಯ ದಿನ ಶಾಲೆಯ ಕಡೆ ನಡೆದುಕೊಂಡು ಹೋದೆ. ಬೋರ್ಡು ಇನ್ನೂ ಇದೆ. ಅದರ ಮೇಲೆ ಅಡ್ಮಿಷನ್ನಿನ ಫ್ಲೆಕ್ಸ್ ಕಟ್ಟಿದ್ದಾರೆ, ಕೆಳಗಿನ ಅಂಚಿನಲ್ಲಿ ಮಾತ್ರ ಗೇಣಗಲ ಕಪ್ಪು ಕಾಣುತ್ತದೆ. ಮೂರನೆಯ ಸಾಲು ಬರುತ್ತಿದ್ದ ಜಾಗ. ರಸ್ತೆ ಬದಿ ಸ್ಲೇಟಿನ ಮೇಲೆ ರೇಟು ಬರೆದಿಟ್ಟಿದ್ದ ಕೈಬಂಡಿಯವನಿಂದ ಒಂದು ಸೀಮೆಸುಣ್ಣ ಇಸಿದುಕೊಂಡೆ. ಅಲ್ಲಿ ಅವರ ಹೆಸರಿನದೊಂದು ಸಾಲು ಬರೆಯಬೇಕೆಂದು ಮನಸ್ಸಾಯಿತು. ಅರವತ್ತು ದಾಟಿದವನು, ಯಾರು ನಕ್ಕರೆ ನಕ್ಕಾರು ಎಂದು ಬಗ್ಗಿದೆ.

ಕೈ ಅಲ್ಲೇ ನಿಂತಿತು. ಯಾವ ತಾರೀಖು? ಅಜ್ಜಿಯ ಬುಟ್ಟಿಯಿಂದ ಹಿಡಿದು ಅಟೆಂಡರಿನ ಹತ್ತು ವರ್ಷದವರೆಗೆ ಎಲ್ಲರ ದಿನವೂ ಬಂದ ಆ ಬೋರ್ಡಿನಲ್ಲಿ ಮೇಷ್ಟ್ರ ದಿನ ಒಮ್ಮೆಯೂ ಬಂದಿರಲಿಲ್ಲ. ಎಂಟು ವರ್ಷ ದಿನವೂ ತಪ್ಪದೆ ಓದಿದವನು ನಾನು. ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ನಾನು ನನ್ನನ್ನೇ ಹುಡುಕುತ್ತಿದ್ದೆ. ಅವರು ಯಾವತ್ತು ಹುಟ್ಟಿದರೆಂದು ನಾನು ಕೇಳಲೇ ಇಲ್ಲ.

ಸೀಮೆಸುಣ್ಣವನ್ನು ಕೈಬಂಡಿಯವನಿಗೆ ವಾಪಸು ಕೊಟ್ಟು ಮನೆಗೆ ಬಂದೆ.